ಕರ್ಪೂರದ ಮಸಿಯಲ್ಲಿ ಮೂಡಿದ ಇಸವಿ

ಹಳೆಯ ಇಂಗ್ಲಿಷ್ ಬೆಳ್ಳಿ ಸಾಮಾನಿನ ಮೇಲೆ ಗುಣಮಟ್ಟ, ಊರು, ವರ್ಷ ತಿಳಿಸುವ ಪುಟ್ಟ ಮುದ್ರೆಗಳಿರುತ್ತವೆ. ಅವು ಸವೆದುಹೋಗಿದ್ದರೂ ಕರ್ಪೂರದ ಮಸಿಯಿಂದ ಓದಬಹುದು ಎಂದಾಗ ಬೆಂಗಳೂರಿನ ನಗರ್ತಪೇಟೆಯ ನಮ್ಮ ಬೆಳ್ಳಿ ಅಂಗಡಿಗಳ ಸಾಲಿನಲ್ಲಿ ಯಾರೂ ನಂಬಲಿಲ್ಲ. “ಮೆಷಿನ್‌ಗೆ ಹಾಕಿ ಟಂಚ್ ನೋಡ್ಕೊಳ್ಳಿ ಸ್ವಾಮಿ, ಇಸವಿ ಕಟ್ಕೊಂಡು ಏನ್ ಮಾಡ್ತೀರಿ?” ಎಂದು ಹಿರಿಯರೊಬ್ಬರು ಕೇಳಿದರು. ಟಂಚ್ ಎಂದರೆ ಬೆಳ್ಳಿಯ ಶುದ್ಧತೆ. ಮೆಷಿನ್ ಅದನ್ನು ನೂರಕ್ಕೆ 92.5 ಎಂದು ತೋರಿಸುತ್ತದೆ, ನಿಜ. ಆದರೆ ಆ ಬೆಳ್ಳಿ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ, ಯಾವ ದೊರೆಯ ಕಾಲದ್ದೋ ಎಂಬುದು ಅದಕ್ಕೆ ತಿಳಿಯದು. ಈಗ ಅದೇ ಹಿರಿಯರು ತಮ್ಮ ಗಿರಾಕಿಗಳ ಸಾಮಾನನ್ನು ನನ್ನಲ್ಲಿಗೆ ಕಳುಹಿಸುತ್ತಾರೆ.

ಈ ವಿಧಾನ ಪೂರ್ತಿಯಾಗಿ ಫಲಿಸಿದ್ದು ದಂಡಿನ (ಕಂಟೋನ್ಮೆಂಟ್) ಕಡೆಯ ಮನೆಯೊಂದರಿಂದ ಬಂದ ಹಾಲಿನ ಜಗ್ಗಿನ ಮೇಲೆ. ತೂಕ ಸುಮಾರು 200 ಗ್ರಾಂ. ಬೆಳ್ಳಿ ಗ್ರಾಂಗೆ 75 ರೂಪಾಯಿಯ ಆಸುಪಾಸಿನಲ್ಲಿದ್ದ ಕಾಲವದು. ಕರಗಿಸುವ ಲೆಕ್ಕದಲ್ಲಿ 14 ಸಾವಿರ ಕೊಟ್ಟು ತಂದೆ. ತಲೆಮಾರುಗಳ ಕಾಲ ವಿಭೂತಿ ಹಾಕಿ ತಿಕ್ಕಿದ್ದರಿಂದ ತಳದ ಮುದ್ರೆಗಳು ನೆರಳಿನಂತೆ ಉಳಿದಿದ್ದವು.

ಅದಕ್ಕೂ ಮೊದಲು ಮೇಣ, ಪೆನ್ಸಿಲ್ ಉಜ್ಜುವುದು, ಹಲ್ಲಿನ ಡಾಕ್ಟರರು ಅಚ್ಚು ತೆಗೆಯುವ ಪೇಸ್ಟ್ ಎಲ್ಲವನ್ನೂ ನೋಡಿಯಾಗಿತ್ತು. ಪೇಸ್ಟಿಗೇ ನಾಲ್ಕೈದು ಸಾವಿರ ಹೋಗಿರಬೇಕು. ಪೆನ್ಸಿಲ್ ಸವೆದ ಮುದ್ರೆಯನ್ನು ಹಿಡಿಯಲೇ ಇಲ್ಲ. ಮೇಣ ಮತ್ತು ಪೇಸ್ಟಿನಲ್ಲಿ ಆಳ ಚೆನ್ನಾಗಿಯೇ ಬರುತ್ತದೆ, ಆದರೆ ಎಡಬಲ ಅದಲುಬದಲಾಗುತ್ತದೆ. ಬಲಕ್ಕೆ ಮುಖ ಮಾಡಿದ ದೊರೆ ಎಡಕ್ಕೆ ತಿರುಗಿ ವಿಕ್ಟೋರಿಯಾ ರಾಣಿಯಂತೆ ಕಾಣುತ್ತಾನೆ, ‘p’ ಅಕ್ಷರ ‘q’ ಆಗುತ್ತದೆ. ಸವೆದ ಗುರುತಿನಲ್ಲಿ ಕನ್ನಡಿ ಹಿಡಿದು ಅದನ್ನು ಸರಿಪಡಿಸಿಕೊಳ್ಳುತ್ತ ಕುಳಿತರೆ ಕಣ್ಣು ಸೋಲುತ್ತದೆ.

ಮಸಿಯಲ್ಲಿ ಆ ತೊಡಕಿಲ್ಲ. ಅಂಟುವಾಳದ ನೀರಿನಲ್ಲಿ ಜಿಡ್ಡು ತೆಗೆದು, ಚೆನ್ನಾಗಿ ಒಣಗಿಸಿ, ಕರ್ಪೂರದ ಹೊಗೆಯ ತುದಿಯಲ್ಲಿ ಮುದ್ರೆಯನ್ನು ಬೇಗಬೇಗನೆ ಆಡಿಸಬೇಕು. ಅದರ ಮೇಲೆ ಪಾರದರ್ಶಕ ಟೇಪನ್ನು ಉಗುರಿನಿಂದ ಒತ್ತಿ, ಎತ್ತಿ, ಬಿಳಿ ಕಾಗದಕ್ಕೆ ಅಂಟಿಸಿದರೆ ಉಬ್ಬಿದ ಭಾಗ ಕಪ್ಪಾಗಿ, ತಗ್ಗು ಬಿಳಿಯಾಗಿ, ಎಡಬಲ ಬದಲಾಗದೆ ಮೂಡುತ್ತದೆ. ಎಳ್ಳೆಣ್ಣೆ ದೀಪದ ಮಸಿ ಜಿಡ್ಡಾಗಿ ಹರಡಿತು, ಮೇಣದಬತ್ತಿಯದೂ ಅಷ್ಟೆ. ಮಸಿ ಹಿಡಿಸುವ ಮುನ್ನ ನಾನು ಸವರುವ ಒಂದು ವಸ್ತುವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಹತ್ತರಲ್ಲಿ ಆರೇಳು ಮುದ್ರೆಗಳು ಓದಲು ಸಿಗುತ್ತವೆ. ಒಳಗೆ ಅರಗು ತುಂಬಿದ ಹಿಡಿಗೂ ಸೀಸದ ಬೆಸುಗೆಯ ತೇಪೆಗೂ ಬೆಂಕಿಯನ್ನು ಹತ್ತಿರ ತರಬೇಡಿ.

ಜಗ್ಗಿನ ಕಾಗದದ ಮೇಲೆ 92.5ರ ಬೆಳ್ಳಿಯ ಗುರುತಾದ ನಡೆಯುವ ಸಿಂಹ ಬಂತು, ಲಂಡನ್ನಿನ ಗುರುತಾದ ಚಿರತೆಯ ತಲೆ ಕಿರೀಟವಿಲ್ಲದೆ ಬಂತು. ಲಂಡನ್ನಿನ ಚಿರತೆ ಕಿರೀಟ ಕಳೆದುಕೊಂಡದ್ದು 1821ರಲ್ಲಿ. ಸುಂಕ ಕಟ್ಟಿದ ಗುರುತಾದ ದೊರೆಯ ತಲೆ ಬಲಕ್ಕೆ ನೋಡುತ್ತಿತ್ತು, ಆದ್ದರಿಂದ ಎಡಕ್ಕೆ ನೋಡುವ ವಿಕ್ಟೋರಿಯಾಗಿಂತ ಹಿಂದಿನದು. ಉಳಿದದ್ದು ವರ್ಷಕ್ಕೊಂದರಂತೆ ಬದಲಾಗುವ, ಇಸವಿ ತಿಳಿಸುವ ಅಕ್ಷರ. ಬರಿಗಣ್ಣಿಗೆ ಒಂದು ಸೊನ್ನೆಯಷ್ಟೇ ಕಾಣುತ್ತಿತ್ತು. ‘o’ ಆದರೆ 1829, ‘p’ ಆದರೆ 1830, ‘q’ ಆದರೆ 1831. ಟೇಪಿನ ಮೇಲೆ ಸೊನ್ನೆಯ ಎಡಬದಿಯಿಂದ ಕೂದಲೆಳೆಯಷ್ಟು ಬಾಲ ಕೆಳಗಿಳಿದಿತ್ತು. 1830! ಪರವಾನಗಿಯುಳ್ಳ ವ್ಯಾಪಾರಿಯೊಬ್ಬರ ಮೂಲಕ ಬಸವನಗುಡಿಯ ಸಂಗ್ರಾಹಕರಿಗೆ ಅದು 38 ಸಾವಿರದ ಸುಮಾರಿಗೆ ಹೋಯಿತು. ನೂರು ವರ್ಷ ದಾಟಿದ ಇಂಥ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನಾವು ಹೊರದೇಶಕ್ಕೆ ಮಾರುವಂತಿಲ್ಲ.

ನಡುವೆ, ಬೆಳ್ಳಿಯೋ ಅಲ್ಲವೋ ತಿಳಿಯಲು, ನೀರಿನಲ್ಲಿ ತೂಗುವ ಪ್ರಯೋಗವನ್ನೂ ಮಾಡಿದೆ. ಗಾಳಿಯಲ್ಲಿ ತೂಗಿದ ತೂಕವನ್ನು ನೀರಿನಲ್ಲಿ ಕಡಿಮೆಯಾದಷ್ಟು ತೂಕದಿಂದ ಭಾಗಿಸಿದಾಗ ಚಮಚಗಳಲ್ಲಿ 10.3ರ ಹತ್ತಿರ ಬಂದವು ಒಳ್ಳೆಯ ಬೆಳ್ಳಿ, 8.7ರ ಆಸುಪಾಸು ಬಂದವು ಬೆಳ್ಳಿಯ ಮುಲಾಮು ಹಾಕಿದ ಜರ್ಮನ್ ಸಿಲ್ವರ್, ಅಂದರೆ ಒಳಗೆ ಬೆಳ್ಳಿಯಿಲ್ಲದ ಮಿಶ್ರಲೋಹ. ಟೊಳ್ಳು ಹಿಡಿಯ ಚಾಕುಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅಂಥ ಮುಲಾಮಿನ ಸಾಮಾನಿನಲ್ಲಿ ‘ಇ.ಪಿ.ಎನ್.ಎಸ್.’ (ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್) ಅಕ್ಷರಗಳನ್ನು ಒಂದೊಂದು ಗುರಾಣಿಯೊಳಗೆ ಒತ್ತಿ ಹಾಲ್‌ಮಾರ್ಕಿನಂತೆ ತೋರಿಸಿರುವುದುಂಟು. ಮಸಿಯಲ್ಲಿ ಅದು ತಕ್ಷಣ ಬಯಲಾಗುತ್ತದೆ.

ನಮ್ಮ ಕಡೆ ತಯಾರಾದ ಹಳೆಯ ಸಾಮಾನಿಗೆ ವರ್ಷದ ಅಕ್ಷರವಿರುವುದಿಲ್ಲ. ದೇವರ ಮೂರ್ತಿಗಳಿರುವ ‘ಸ್ವಾಮಿ’ ಕೆಲಸದ ಟೀ ಸೆಟ್ಟಿನಲ್ಲಿ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ಹೆಸರೋ, ನಮ್ಮ ಬೆಂಗಳೂರಿನ ಬಾರ್ಟನ್ ಅಂಗಡಿಯ ಹೆಸರೋ ಸಿಕ್ಕಿದರೆ ಊರು ತಿಳಿಯುತ್ತದೆ. ಕಾಲವನ್ನು ಬೆಸುಗೆಯ ಗೆರೆಯಿಂದಲೂ ಸುತ್ತಿಗೆಯ ಏಟುಗಳಿಂದಲೂ ಊಹಿಸಬೇಕಾಗುತ್ತದೆ. ಅವುಗಳನ್ನು ಕಾಣಲು ಮಸಿಯೂ ಬೇಡ, ತಣ್ಣಗಿನ ಬೆಳ್ಳಿಯ ಮೇಲೆ ಬಾಯಿಯಿಂದ ಹಬೆ ಊದಿ ಓರೆ ಬೆಳಕಿನಲ್ಲಿ ನೋಡಿದರೆ ಸಾಕು.