ಮೂಲೆಮಟ್ಟ ಮೂಲೆಗಿಟ್ಟು ಟೇಪು ಹಿಡಿದ ಕಥೆ

ಪಾಯದ ಮಾರ್ಕಿಂಗ್‌ಗೆ ಮೂಲೆಮಟ್ಟ (ಮೂಲೆ ಸರಿ ಇದೆಯಾ ನೋಡೋ L ಆಕಾರದ ಪಟ್ಟಿ) ಬೇಡ, ಟೇಪು ಸಾಕು ಅಂದಾಗ ಮೇಸ್ತ್ರಿ ನಕ್ಕರು. "3-4-5 ನಮಗೂ ಗೊತ್ತು ಸಾರ್, ಅದೇನು ಹೊಸದಾ?" ಗೊತ್ತಿರೋದು ನಿಜ: ಒಂದು ಬದಿ 3, ಇನ್ನೊಂದು 4, ಓರೆಗೆ 5 ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ. ಆದರೆ ಎಲ್ಲರೂ 3 ಅಡಿ, 4 ಅಡಿ ಅಳೆದು ಕೈತೊಳೆದುಕೊಳ್ಳುತ್ತಾರೆ. ಎಡವಟ್ಟು ಆಗೋದೇ ಅಲ್ಲಿ.

2 ಅಡಿಯ ಮೂಲೆಮಟ್ಟ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಆಚೀಚೆ ಆಗಿದ್ದರೆ ಕಣ್ಣಿಗೆ ಕಾಣಲ್ಲ. ಸಾರುವೆ ಮೇಲಿಂದ ಒಂದೆರಡು ಸಲ ಬಿದ್ದರೆ ಅಷ್ಟು ಓರೆ ಆಗೇ ಆಗುತ್ತೆ. 40 ಅಡಿ ದಾರ ಎಳೆದಾಗ ಅದೇ ಒಂದು ನೂಲು ಎರಡೂವರೆ ಇಂಚು! ಹಿಂದೆ ಒಂದು ಮನೆಯಲ್ಲಿ ಹೀಗೇ ಆಗಿ, 16 ಅಡಿ ಹಾಲ್‌ನಲ್ಲಿ ಗೋಡೆ ಪಕ್ಕದ ಟೈಲ್ಸ್ ಪಟ್ಟಿ ಈ ತುದಿಗೆ 2 ಇಂಚು, ಆ ತುದಿಗೆ 3 ಇಂಚು ಬಂತು. ಓನರ್ ಒಪ್ಪಲಿಲ್ಲ. ಕಿತ್ತು ಹಾಕಿದ ಕೂಲಿ, ಟೈಲ್ಸ್ ಎಲ್ಲ ಸೇರಿ 18 ಸಾವಿರದ ಹತ್ತಿರ ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡರು.

ಆಮೇಲೆ ಸಮ ಅಂತರಕ್ಕೆ 12 ಗಂಟು ಹಾಕಿ 3-4-5 ತ್ರಿಕೋನ ಮಾಡೋ ಹಗ್ಗವನ್ನೂ ನೋಡಿದೆ. ಗಂಟೇ ಅಳತೆ ನುಂಗುತ್ತೆ, ನೈಲಾನ್ ದಾರ ಎಳೆದಷ್ಟೂ ಹಿಗ್ಗುತ್ತೆ. ಸುಮ್ನೆ ಅರ್ಧ ದಿನ ಹಾಳು.

ಈ ಸಲ 30×40 ಸೈಟು. ಮುಂದೆ 5 ಅಡಿ, ಉಳಿದ ಮೂರೂ ಕಡೆ 3 ಅಡಿ ಬಿಟ್ಟರೆ ಕಟ್ಟಡ 24×32. ಕ್ರಾಸ್, ಅಂದರೆ ಮೂಲೆಯಿಂದ ಎದುರು ಮೂಲೆಗೆ, ಸರಿಯಾಗಿ 40 ಅಡಿ! ನೋಡಿ, 3-4-5 ಅನ್ನೇ ಎಂಟು ಪಟ್ಟು ದೊಡ್ಡದು ಮಾಡಿದ್ದಷ್ಟೇ. ತ್ರಿಕೋನ ದೊಡ್ಡದಾದಷ್ಟೂ ತಪ್ಪು ಚಿಕ್ಕದಾಗುತ್ತೆ. ಮೊದಲು 32 ಅಡಿ ದಾರ ಬಿಗಿದೆವು. ಅದರ ಒಂದು ತುದಿಯಿಂದ 24, ಇನ್ನೊಂದು ತುದಿಯಿಂದ 40, ಎರಡು ಸ್ಟೀಲ್ ಟೇಪು. ಎರಡೂ ಸೇರಿದ ಕಡೆ ಗೂಟ, ಗೂಟದ ತಲೆಗೆ ಮೊಳೆ. ಟೇಪಿನ ಕೊಕ್ಕೆ ನಂಬಬೇಡಿ, 1 ಅಡಿ ಗೆರೆಯಿಂದ ಹಿಡಿದು ಆಮೇಲೆ ಕಳೆಯಿರಿ. ಇನ್ನೊಂದು ತುದಿಗೂ ಹೀಗೇ ಮಾಡಿ, ಮೊದಲ ದಾರದ ಎದುರು ಬದಿ ಅಳೆದಾಗ 32ಕ್ಕೆ ಎರಡು ನೂಲಷ್ಟೇ ಕಮ್ಮಿ. ಮೇಸ್ತ್ರಿ ತಾವೇ ಟೇಪು ಕಿತ್ಕೊಂಡು ಇನ್ನೊಮ್ಮೆ ಅಳೆದರು. ಆಮೇಲೆ ಮಾತಿಲ್ಲ!

ಇಳಿಜಾರು ಸೈಟಾದರೆ ಹುಷಾರು. 40 ಅಡಿಗೆ 3 ಅಡಿ ಇಳಿಜಾರಿದ್ದು ಟೇಪನ್ನ ನೆಲದ ಮೇಲೇ ಹಾಸಿ ಅಳೆದರೆ ಒಂದೂಕಾಲು ಇಂಚಿಗೂ ಮೀರಿ ಕಮ್ಮಿ ಬೀಳುತ್ತೆ. ಅದೂ ಒಂದು ತ್ರಿಕೋನವೇ ಅಲ್ವಾ? ನೀರಿನ ಟ್ಯೂಬಲ್ಲಿ ಮಟ್ಟ ನೋಡಿ, ತೂಗುಗುಂಡು ಬಿಟ್ಟು ಅಳೆಯಿರಿ.

20×30ಕ್ಕೆ ಕ್ರಾಸ್ 36 ಅಡಿ ಮುಕ್ಕಾಲು ಇಂಚಿನ ಹತ್ತಿರ ಬರುತ್ತೆ, 40×60ಕ್ಕೆ 72 ಅಡಿ ಒಂದೂಕಾಲು ಇಂಚು ಚಿಲ್ಲರೆ. 2 ಅಡಿ ಟೈಲ್ಸ್ ಓರೆ ಹಾಕೋರಿಗೆ ಮೂಲೆಯಿಂದ ಮೂಲೆಗೆ 34 ಇಂಚು.

ಮಾರ್ಕಿಂಗ್‌ಗೆ ಈಗ ಬೇರೆಯಾಗಿ ಒಂದೂವರೆ ಸಾವಿರ ತಗೊಳ್ತೀನಿ, ಯಾರೂ ಚೌಕಾಸಿ ಮಾಡಿಲ್ಲ. ಒಬ್ಬನೇ ಇದ್ದಾಗ ಎರಡು ಟೇಪು ಹೇಗೆ ಹಿಡೀತೀನಿ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.