ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡಿಂಗ್: ಮಾಡೆಲರೋ ಮೈಕೋ ಅನ್ನೂಕಿಂತ ಮೊದ್ಲ ಖೋಲಿ ನೋಡ್ರಿ

ಬೆಳಗಾವ್ಯಾಗ ಮನ್ಯಾಗ ರೆಕಾರ್ಡಿಂಗ್ ಶುರು ಮಾಡೋ ಹುಡುಗ್ರೆಲ್ಲಾ ಕೇಳೂದು ಒಂದ ಪ್ರಶ್ನೆ, ಮಾಡೆಲರ್ (ಆ್ಯಂಪಿನ ಆವಾಜ್ ನಕಲು ಮಾಡೂ ಡಿಜಿಟಲ್ ಡಬ್ಬಿ ಇಲ್ಲಾ ಸಾಫ್ಟ್‌ವೇರ್) ತಗೊಳ್ಳೂದೋ ಇಲ್ಲಾ ಆ್ಯಂಪ್ ಮುಂದ ಮೈಕ್ ಇಡೂದೋ ಅಂತ. ನಾ ತಿರುಗಿ ಕೇಳೂದು, ನಿಮ್ಮ ಖೋಲಿ ಹೆಂಗೈತ್ರಿ? ವಡಗಾವಿ, ಶಹಾಪುರ ಕಡೆ ಮನಿ ಇದ್ರ ಬಾಜೂಕ ಪವರ್‌ಲೂಮ್ ಖಟ್ ಖಟ್ ಅಂತಿರ್ತೈತಿ, ಮಳಿಗಾಲದಾಗ ಪತ್ರಾಸ್ ಮ್ಯಾಲ ಮಳಿ ಸುರೀತಂದ್ರ ನಿಮ್ಮ ಮಾತ ನಿಮಗ ಕೇಳ್ಸೂದಿಲ್ಲ. ಆ್ಯಂಪ್ ಜೋರ್ ಇಟ್ರ ಅದೆಲ್ಲಾ ಮುಚ್ಚಿ ಹೋಗ್ತೈತಿ ಖರೆ, ಆದ್ರ ನೋಟ್ ಸಣ್ಣಗ ಆಗಿ ನಿಲ್ಲೋ ಜಾಗಾದಾಗ ಎಲ್ಲಾ ಹೊರಗ ಬರ್ತೈತಿ, ಮತ್ತ ಅಷ್ಟ್ ಜೋರ್ ಇಟ್ರ ಬಾಜೂ ಮನಿ ಕಾಕಾ ಬಂದು ಬಾಗಲಾ ಬಡೀತಾರ. ಅಂಥಾ ಕಡೆ ಮಾಡೆಲರ ಸೈ, ಅದರಾಗ ವಾದ ಮಾಡೂದೇನಿಲ್ಲ.

ಯಾವ ದಾರಿ ಹಿಡದ್ರೂ ಡಿಐ ಟ್ರ್ಯಾಕ್ ಮಾತ್ರ ಬಿಡಬ್ಯಾಡ್ರಿ. ಡಿಐ ಅಂದ್ರ ಇಫೆಕ್ಟ್ ಇಲ್ದ, ಆ್ಯಂಪ್ ಇಲ್ದ, ಗಿಟಾರಿನ ಸಪ್ಪನ್ ಸಿಗ್ನಲ್. ಇದು ಒಂದ್ ಟ್ರ್ಯಾಕಿನಾಗ ಬ್ಯಾರೆ ಕುಂತಿದ್ರ ನಾಳೆ ಟೋನ್ ಮನಸಿಗೆ ಬರ್ಲಿಲ್ಲಂದ್ರ ಮತ್ತ ಬಾರಿಸೂ ಕೆಲಸಿಲ್ಲ, ಬ್ಯಾರೆ ಆ್ಯಂಪ್ ಹಚ್ಚಿದ್ರ ಆತು. ಇಂಟರ್‌ಫೇಸಿನ್ಯಾಗ (ಗಿಟಾರ್, ಮೈಕ್ ಕಂಪ್ಯೂಟರಿಗೆ ಜೋಡಸೂ ಡಬ್ಬಿ) ಇನ್‌ಸ್ಟ್ರುಮೆಂಟ್ ಬಟನ್ ಒತ್ತೂದ್ ಮರೀಬ್ಯಾಡ್ರಿ, ಸುಮ್ನ ಲೈನ್ ಇನ್‌ಪುಟ್ಟಿಗೆ ಹಾಕಿದ್ರ ಪಿಕಪ್ (ತಂತಿ ಕೆಳಗ ಇರೂ, ಸಿಗ್ನಲ್ ಹಿಡಿಯೂ ಭಾಗ) ಮ್ಯಾಲ ಲೋಡ್ ಬಿದ್ದು ಟ್ರೆಬಲ್ ಸತ್ತಂಗ ಆಗ್ತೈತಿ. 24 ಬಿಟ್, 48 ಕಿಲೋಹರ್ಟ್ಝ್ ಸಾಕು, ಎಲ್ಲಕಿಂತ ಜೋರ್ ಬಾರ್ಸಿದಾಗ ಮೀಟರ್ ಮೈನಸ್ 10-12 ಡಿಬಿ ಹತ್ರ ಬಂದ್ರ ಸಾಕು, ಕೆಂಪ್ ಲೈಟ್ ಮುಟ್ಟೂದ್ ಬ್ಯಾಡ. ಗುಂಯ್ ಅನ್ನೂ 50 ಹರ್ಟ್ಝ್ ಹಮ್ ಬಂದ್ರ ಫ್ಯಾನಿನ ರೆಗ್ಯುಲೇಟರ್, ಲ್ಯಾಪ್‌ಟಾಪ್ ಚಾರ್ಜರ್ ಒಂದೊಂದ ಬಂದ್ ಮಾಡಿ ನೋಡ್ರಿ, ಸಿಂಗಲ್ ಕಾಯಿಲ್ ಪಿಕಪ್ ಇದ್ರ ಕುಂತ ದಿಕ್ಕು ಸ್ವಲ್ಪ ತಿರುಗಿಸಿದ್ರೂ ಕಡಿಮಿ ಆಗ್ತೈತಿ. ಹಮ್ ಹೋಗ್ಲಿ ಅಂತ ಪ್ಲಗ್ಗಿನ ಅರ್ಥಿಂಗ್ ಪಿನ್ ಕತ್ತರಿಸೋ ಶಾಣ್ಯಾರೂ ಅದಾರ, ಜೀವಕ್ಕ ಕುತ್ತು, ಮಾಡಬ್ಯಾಡ್ರಿ.

ಈಗ ಮಾಡೆಲರ್. 1998ರಾಗ ಲೈನ್ 6 ಕಂಪನಿ ಪಾಡ್ ಬಂದಾಗ ಮಂದಿ ಆಟಿಗಿ ಸಾಮಾನು ಅಂತ ನಕ್ಕಿದ್ರು, 2006ರ ಆ್ಯಕ್ಸ್-ಎಫ್ಎಕ್ಸ್, 2011ರ ಕೆಂಪರ್ ಬಂದ ಮ್ಯಾಲ ನಗೂದು ನಿಂತು, ಈಗಂತೂ ನ್ಯೂರಲ್ ಆ್ಯಂಪ್ ಮಾಡೆಲರ್ ಅನ್ನೂ ಪ್ಲಗಿನ್ ಪುಕ್ಕಟನ ಸಿಗ್ತೈತಿ. ಆದ್ರ ಮಂದಿ ತಾಸಗಟ್ಲೆ ಆ್ಯಂಪ್ ಬದಲಿ ಮಾಡ್ಕೋತ ಕುಂಡ್ರತಾರ, ಆವಾಜ್ ಬದಲಾಗೂದು ಕ್ಯಾಬ್ ಐಆರ್ ಒಳಗ. ಕ್ಯಾಬ್ ಅಂದ್ರ ಸ್ಪೀಕರ್ ಇರೂ ಡಬ್ಬಿ. ಐಆರ್ ಅಂದ್ರ ಒಂದ್ ಸ್ಪೀಕರ್, ಒಂದ್ ಮೈಕ್, ಅದನ್ನ ಇಟ್ಟ ಜಾಗಾ, ಈ ಮೂರೂ ಕೂಡಿ ಆವಾಜ್ ಹೆಂಗ ಬರ್ತಿತ್ತು ಅನ್ನೂದರ ದಾಖಲೆ. ಅದನ್ನ ತಗದ್ರ ಡಿಸ್ಟಾರ್ಷನ್ ಡಬ್ಬ್ಯಾಗ ಹಾಕಿದ ಜೇನುಹುಳದಂಗ ಕೇಳಸ್ತೈತಿ. ಅದಕ್ಕ ಮೊದ್ಲ ಮೂರ್ ನಾಕ್ ಐಆರ್ ಆರಿಸ್ಕೋರಿ, ಆಮ್ಯಾಲ ಗೇನ್ ನಿಮಗ ಬೇಕನಸಿದ್ದಕಿಂತ ಕಡಿಮಿ ಇಡ್ರಿ, 80-100 ಹರ್ಟ್ಝ್ ಕೆಳಗ ಕತ್ತರಿಸ್ರಿ, ಮ್ಯಾಲ 7-8 ಕಿಲೋಹರ್ಟ್ಝ್ ಆದ ಮ್ಯಾಲ ಸಾವಕಾಶ ಇಳಸ್ರಿ. ಮಾಡೆಲರನ್ನ ಗಿಟಾರ್ ಆ್ಯಂಪಿಗೆ ಹಚ್ಚೂದಿದ್ರ ಮಾತ್ರ ಕ್ಯಾಬ್ ಸಿಮ್ (ಅಂದ್ರ ಕ್ಯಾಬಿನ ನಕಲು) ಆಫ್ ಮಾಡ್ರಿ, ಇಲ್ಲಂದ್ರ ಕ್ಯಾಬ್ ಮ್ಯಾಲ ಕ್ಯಾಬ್ ಆಗಿ ಮಣ್ ಮಣ್ ಅಂತೈತಿ. ಪ್ಲಗಿನ್ ಇದ್ರ ಬಫರ್ (ಕಂಪ್ಯೂಟರ್ ಒಂದ್ ಸಲಕ್ಕ ತಗೊಳ್ಳೂ ಆವಾಜಿನ ತುಣುಕು) 64 ಇಲ್ಲಾ 128 ಸ್ಯಾಂಪಲ್ ಇಡ್ರಿ, ಹೆಚ್ಚಾದ್ರ ಪಿಕ್ ಬಡದ ಮ್ಯಾಲ ಆವಾಜ್ ಹಿಂದ ಬರ್ತೈತಿ, ತಾಳ ತಪ್ತೈತಿ.

ಇನ್ನ ಖರೇ ಕ್ಯಾಬ್. ಮೈಕ್ ವಿಚಾರದಾಗ ತಲಿ ಕೆಡಿಸ್ಕೋಬ್ಯಾಡ್ರಿ, 1965ರಿಂದ ಬರಾಕತ್ತಿದ ಶೂರ್ ಎಸ್ಎಂ57 ಸಾಕು, ಎಷ್ಟ್ ಜೋರಿದ್ರೂ ತಾಳ್ತೈತಿ, ಇಂಟರ್‌ಫೇಸಿಂದ ಮೈಕಿಗೆ ಕೊಡೂ 48 ವೋಲ್ಟ್ ಫ್ಯಾಂಟಮ್ ಪವರ್ರೂ ಬೇಕಿಲ್ಲ. ಕ್ಯಾಬಿನ ಅರಿವಿ ಮ್ಯಾಲ ಮೊಬೈಲ್ ಟಾರ್ಚ್ ಹಿಡದು ಒಳಗ ನೋಡ್ರಿ, ಕೋನಿನ ನಡುವ ಗುಂಡಗಿನ ಡಸ್ಟ್ ಕ್ಯಾಪ್ ಕಾಣಸ್ತೈತಿ. ಆ ಕ್ಯಾಪ್ ಮುಗದು ಕೋನ್ ಶುರು ಆಗೂ ಅಂಚಿಗೆ ಮೈಕ್ ಮುಖ ಮಾಡಿ, ಅರಿವಿಯಿಂದ ಒಂದ್ ಇಂಚ್ ದೂರ ಇಟ್ಟು ಶುರು ಮಾಡ್ರಿ. ನಡುವ ಸರಿಸಿದ್ರ ಚುಚ್ಚೂ ಹಂಗ ಬ್ರೈಟ್, ಕೋನಿನ ಹೊರಗಿನ ಅಂಚಿಗೆ ಸರಿಸಿದ್ರ ದಪ್ಪ, ಕತ್ತಲ ಆವಾಜ್. ಅರ್ಧ ಇಂಚ್ ಸರಿಸಿದ್ರ ಆಗೂ ಫರಕ್ ಆ್ಯಂಪಿನ ನಾಬ್ ತಿರುವಿದ್ರೂ ಆಗೂದಿಲ್ಲ. ಗಿಟಾರ್ ವಾಲ್ಯೂಮ್ ಪೂರ್ತಿ ಇಳಿಸಿ, ಆ್ಯಂಪಿನ ಸುಯ್ ಅನ್ನೂ ಹಿಸ್ ಆವಾಜ್ ಹೆಡ್‌ಫೋನಿನ್ಯಾಗ ಕೇಳ್ಕೋತ, ಗೆಳ್ಯಾಗ ಮೈಕ್ ಸಾವಕಾಶ ಸರಸ್ಲಿಕ್ಕೆ ಹೇಳ್ರಿ. ಹಿಸ್ ಚುಚ್ಚೂದಿಲ್ಲ, ಹೂತೂ ಹೋಗೂದಿಲ್ಲ ಅನ್ನೂ ಜಾಗಾ ಸಿಕ್ಕಲ್ಲೆ ನಿಲ್ಲಸ್ರಿ, ನೆಲದ ಮ್ಯಾಲ ಟೇಪ್ ಹಚ್ಚಿ ಸ್ಟ್ಯಾಂಡಿನ ಗುರ್ತು ಮಾಡ್ರಿ, ಮರದಿನ ಬೇಕಾಗ್ತೈತಿ.

ಖೋಲಿ ಸಣ್ಣದಿದ್ರ ಕ್ಯಾಬ್ ಗೋಡಿ ಮೂಲ್ಯಾಗ ತುರುಕಬ್ಯಾಡ್ರಿ, ಬೇಸ್ ಉಬ್ಬತೈತಿ. ಕೆಳಗ ಗಾದಿ, ಮೈಕಿನ ಹಿಂದ ಹಗ್ಗದ ಮ್ಯಾಲ ಎರಡ್ ದಪ್ಪನ್ ಕೌದಿ ಹಾಕಿದ್ರ ಗೋಡಿಗೆ ಬಡದು ಬರೂ ಆವಾಜ್ ಭಾಳ ಕಡಿಮಿ ಆಗ್ತೈತಿ, ಆದ್ರ ಹೊರಗಿನ ಸಪ್ಪಳಾನೂ, ಕಾಕಾಗ ಕೇಳೂದನ್ನೂ ತಡಿಯೂದಿಲ್ಲ ಬಿಡ್ರಿ, ಅದಕ್ಕ ಗೋಡಿನ ಬೇಕು. ಎರಡ್ ಮೈಕ್ ಇಡೂ ಹುರುಪು ಮೊದ್ಲ ಬ್ಯಾಡ. ಎರಡನೇದು 30 ಸೆಂಟಿಮೀಟರ್ ಹಿಂದಿದ್ರ ಅದಕ್ಕ ಆವಾಜ್ ಹೆಚ್ಚುಕಡಿಮಿ 1 ಮಿಲಿಸೆಕೆಂಡ್ ತಡಾ ಆಗಿ ಮುಟ್ತೈತಿ, ಎರಡೂ ಕೂಡಿದಾಗ ಒಂದಷ್ಟ್ ಫ್ರೀಕ್ವೆನ್ಸಿ ಒಂದಕ್ಕೊಂದ್ ಕೊಂದು ಆವಾಜ್ ಪೊಳ್ಳ ಆಗ್ತೈತಿ. ಟ್ಯೂಬ್ ಆ್ಯಂಪಿದ್ದವ್ರು ಸ್ಪೀಕರ್ ಇಲ್ಲಾ ಲೋಡ್ ಬಾಕ್ಸ್ (ಸ್ಪೀಕರ್ ಬದಲಿ ಆ್ಯಂಪಿನ ಪವರ್ ಹೀರೂ ಡಬ್ಬಿ) ಹಚ್ಚದ ಆನ್ ಮಾಡಿ ಬಾರಿಸಬ್ಯಾಡ್ರಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡೂ ಚಾನ್ಸ್ ಇರ್ತೈತಿ. ಅಂದಂಗ ಲೋಡ್ ಬಾಕ್ಸಿದ್ರ ನಡು ದಾರಿನೂ ಐತಿ: ಆ್ಯಂಪ್ ಖರೇದು, ಕ್ಯಾಬ್ ಮಾತ್ರ ಐಆರ್, ಮನ್ಯಾಗ ಸಪ್ಪಳಿಲ್ಲ. ರೊಕ್ಕ ಇದ್ದವ್ರಿಗೆ ನಾ ಹೇಳೂದು ಇದನ್ನ.

ಎರಡೂ ಹೋಲಿಸಿ ನೋಡೂದಿದ್ರ ವಾಲ್ಯೂಮ್ ಸಮ ಮಾಡ್ರಿ, ಯಾಕಂದ್ರ ಸ್ವಲ್ಪ ಜೋರಿದ್ದದ್ದ ಕಿವಿಗೆ ಚಲೋ ಅನಸ್ತೈತಿ. ಗಿಟಾರ್ ಒಂದ ಸೋಲೋ ಹಾಕಿ ಕೇಳಬ್ಯಾಡ್ರಿ, ಡ್ರಮ್ಸು ಬೇಸು ಕೂಡ ಕೇಳ್ರಿ, ಅಲ್ಲೆ ಎಷ್ಟೋ ಸಲ ಯಾವುದ್ ಮಾಡೆಲರ್ ಯಾವುದ್ ಮೈಕ್ ಅನ್ನೂದ ಗೊತ್ತಾಗೂದಿಲ್ಲ. ರಿದಮ್ ದಪ್ಪ ಬೇಕಂದ್ರ ಒಂದ ಟೇಕ್ ಕಾಪಿ ಮಾಡಿ ಎಡಕ್ಕೊಂದ್ ಬಲಕ್ಕೊಂದ್ ಹಾಕಬ್ಯಾಡ್ರಿ, ಅದು ಮತ್ತ ನಡುವನ ಕೇಳಸ್ತೈತಿ. ಎರಡ್ ಸಲ ಬ್ಯಾರೆ ಬ್ಯಾರೆ ಬಾರಿಸ್ರಿ, ಒಂದ್ ಕಡೆ ಮಾಡೆಲರ್, ಇನ್ನೊಂದ್ ಕಡೆ ಮೈಕಿಂದು ಹಾಕ್ರಿ.