ಉತಾರ ಬೇಡ, ಪಗಾರ ಚೀಟಿ ಕೊಡ್ರಿ

ನಮ್ಮ ಮದುವೆ ಆದದ್ದು ಧಾರವಾಡದಲ್ಲಿ. ಹತ್ತೇ ದಿನಕ್ಕೆ ನಮ್ಮವರು ಲಂಡನ್‌ಗೆ ವಾಪಸ್ ಹೋದರು. ಅವರಿಗೆ ಅಲ್ಲಿ ಕಾಯಂ ಆಗಿ ಇರಲು ಅನುಮತಿ ಇದೆ. ಹೆಂಡತಿ ಅಂತ ವೀಸಾ ತೆಗೆದುಕೊಂಡು ಮೂರು ತಿಂಗಳಲ್ಲಿ ನಾನೂ ಹೊರಟೆ ಅಂತ ಓಣಿಗೆಲ್ಲ ಹೇಳಿಬಿಟ್ಟಿದ್ದೆ.

"ಫೋಟೋ, ವಾಟ್ಸಾಪ್ ಮೆಸೇಜು ಎಲ್ಲಾ ಕೊಡ್ರಿ, ಆಗೇಬಿಡ್ತದ" ಅಂದ ವೀಸಾ ಏಜೆಂಟ್. ಮದುವೆ ನಿಜ ಅಂತ ತೋರಿಸುವುದೇ ದೊಡ್ಡ ಕಷ್ಟ ಅಂತ ನಾನೂ ನಂಬಿದ್ದೆ. ಒಂದು ರಟ್ಟಿನ ಪೆಟ್ಟಿಗೆ ತುಂಬ ಪ್ರಿಂಟ್ ತೆಗೆಸಿದೆ. ಅವ್ವ ನೋಡಿ, "ಇದನ್ನೆಲ್ಲಾ ಆ ಮಂದಿ ಓದ್ತಾರೇನವಾ?" ಅಂದಳು. ನಾಚಿಕೆ ಆಯಿತು. ಕೊನೆಗೆ ತಿಂಗಳಿಗೆ ಒಂದೆರಡು ಪುಟ ಮಾತ್ರ ಇಟ್ಟೆ. ಅಷ್ಟು ಸಾಕಾಯಿತು.

ತೊಡಕು ಇದ್ದದ್ದು ಪಗಾರದ ಲೆಕ್ಕದಲ್ಲಿ. ಕರೆಸಿಕೊಳ್ಳುವವರ ವರ್ಷದ ಆದಾಯ 29,000 ಪೌಂಡ್ ಇರಬೇಕು. 2024ರ ಏಪ್ರಿಲ್ 11ಕ್ಕೆ ಮುಂಚೆ 18,600 ಇದ್ದರೆ ಸಾಕಿತ್ತು. ನಮ್ಮವರ ಪಗಾರ 30,000. ಸರಿಯಾಯಿತಲ್ವಾ? ಇಲ್ಲ. ಅವರು ಹೊಸ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಒಂದೇ ಕಡೆ ಆರು ತಿಂಗಳು ಆಗಿರದಿದ್ದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಿಕ್ಕ ಒಟ್ಟು ಪಗಾರವನ್ನೂ ಕೂಡಿಸಿ ನೋಡುತ್ತಾರೆ. ಹಳೆಯ ಪಗಾರ ವರ್ಷಕ್ಕೆ 27,500. ಅದರ ಎಂಟು ತಿಂಗಳು, ಹೊಸದರ ನಾಲ್ಕು ತಿಂಗಳು ಕೂಡಿಸಿದರೆ 28,333. ಏಳುನೂರು ಪೌಂಡ್ ಕಡಿಮೆ! ಏಜೆಂಟ್ ಇದನ್ನು ನೋಡಿರಲೇ ಇಲ್ಲ. ಹಾಗೇ ಹಾಕಿದ್ದರೆ ತಿರಸ್ಕಾರ ಆಗುತ್ತಿತ್ತು, ಅರ್ಜಿಯ ಫೀ ವಾಪಸ್ ಬರುತ್ತಿರಲಿಲ್ಲ.

ಅಪ್ಪನಿಗೆ ತಡೆಯಲಿಲ್ಲ. ಹೊಲದ ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತಾರೆ. "ನಮ್ಮ ಹೊಲದ ಉತಾರ ಕೊಟ್ರ ಆಗೂದಿಲ್ಲೇನು?" ಅಂದರು. ಆಗುವುದಿಲ್ಲ. ಹೊಲ, ಮನೆ ಲೆಕ್ಕಕ್ಕಿಲ್ಲ. ಬರೀ ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್ ನಗದು ಆರು ತಿಂಗಳಿಂದ ಬ್ಯಾಂಕಿನಲ್ಲಿ ಇರಬೇಕು. ಅಂದರೆ ಹತ್ತಿರಹತ್ತಿರ ಒಂದು ಕೋಟಿ. ಅಪ್ಪ ಉತಾರ ಮಡಚಿ ಒಳಗಿಟ್ಟರು.

ಹಾಗಾಗಿ ಹೊಸ ಕೆಲಸದ ಆರು ಪಗಾರ ಚೀಟಿ ಆಗುವ ತನಕ ಸುಮ್ನೆ ಕಾಯ್ದೆವು. ಆದರೆ ಏಜೆಂಟ್ ಅವಸರ ಮಾಡಿ ವೀಸಾಕ್ಕೆ ಬೇಕಾದ ಟಿಬಿ ಪರೀಕ್ಷೆ ಮೊದಲೇ ಮಾಡಿಸಿದ್ದ. ಅದಕ್ಕಾಗಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋಗಿ ಬಂದಿದ್ದೆ. ಆ ಸರ್ಟಿಫಿಕೇಟ್‌ಗೆ ಆರೇ ತಿಂಗಳ ಆಯುಷ್ಯ. ದಿನಾ ಕ್ಯಾಲೆಂಡರ್ ನೋಡುವ ಕೆಲಸ ಆಯಿತು. ಇಂಗ್ಲಿಷಿನ ಎ1 ಪರೀಕ್ಷೆ, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ್ದು, ಮಾತ್ರ ಸಲೀಸು. ಬರೀ ಕೇಳಿ ಮಾತಾಡುವುದು, ಬರೆಯುವುದಿಲ್ಲ.

ಇನ್ನೊಂದು ನಮ್ಮೂರಿನದೇ ಕಿರಿಕಿರಿ. ನನ್ನ ಹಳೆಯ ಪಾಸ್‌ಪೋರ್ಟ್‌ನಲ್ಲಿ ಹುಟ್ಟೂರು 'ಹುಬ್ಳಿ', ಮದುವೆ ಪ್ರಮಾಣಪತ್ರದಲ್ಲಿ 'ಹುಬ್ಬಳ್ಳಿ'. 2014ರ ನವೆಂಬರ್ 1ಕ್ಕೆ ಹೆಸರು ಬದಲಾದದ್ದು ಲಂಡನ್ನಿನ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ನನ್ನ ಅಡ್ಡಹೆಸರಿನಲ್ಲೂ ಇಂಗ್ಲಿಷಿನ ಒಂದು ಅಕ್ಷರ ಹೆಚ್ಚುಕಡಿಮೆ ಇತ್ತು. ಎರಡಕ್ಕೂ ಸೇರಿಸಿ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿದೆ. ಜೊತೆಗೆ ಅರ್ಧ ಪುಟದ ವಿವರಣೆ ಪತ್ರ. ಯಾರೂ ಕೇಳಲಿಲ್ಲ, ಆದರೂ ಇಟ್ಟದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಫೀ ಬಿಟ್ಟು, ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಮೊದಲೇ ಕಟ್ಟುವ ಆರೋಗ್ಯ ಸರ್‌ಚಾರ್ಜ್ ಒಂದಕ್ಕೇ 3,105 ಪೌಂಡ್ ಹೋಯಿತು. ಅವ್ವನಿಗೆ ಇನ್ನೂ ಹೇಳಿಲ್ಲ.

ಈಗ ವೀಸಾ ಬಂದಿದೆ. 33 ತಿಂಗಳಿನದು. ಅದು ಮುಗಿಯುವ ಮೊದಲು ಮತ್ತೆ ಅರ್ಜಿ, ಮತ್ತೆ ಪಗಾರ ಚೀಟಿ. ಕೆಲಸ ಬದಲಿಸುವ ಮುಂಚೆ ನನ್ನನ್ನು ಕೇಳ್ರಿ ಅಂತ ನಮ್ಮವರಿಗೆ ಹೇಳಿಟ್ಟಿದ್ದೇನೆ.